ಮಾಲೆ ಹಾಕಿದ ಮಷೀನು

“ಕನ್ನಡಕ ಹಾಕ್ಕೋಳಲೇ ಬಾಡ್ಯಾ! ನೀ ಕುರುಡ ಅಂತ ಮಂದಿಗಿ ತಿಳೀಬೇಕೋ ಬ್ಯಾಡೋ?”

ಚಿಕ್ಕೋಡಿಯ ಆ ಕಾಲೇಜಿನ ಚೇರ್ಮನ್ ವಿರುಪಾಕ್ಷಪ್ಪನವರು ಕರಿ ಕನ್ನಡಕವನ್ನು ತಾವೇ ಮಾಳಸಿದ್ದನ ಮೂಗಿನ ಮೇಲೆ ಒತ್ತಿದರು. ಅವನು ಕರೋಶಿಯ ಕುರಿ ಕಾಯುವವರ ಮಗ, ಬಿ.ಎ. ಎರಡನೇ ವರ್ಷ, ಹುಟ್ಟುಕುರುಡ. ಆದರೆ ಕಣ್ಣು ನಿಮ್ಮ ನಮ್ಮ ಕಣ್ಣಿನಂತೆಯೇ ಇದ್ದವಂತೆ. ಬೆಂಗಳೂರಿನಿಂದ ತಪಾಸಣೆ ಕಮಿಟಿ ಬರುವ ದಿನ ತೋರಿಸಲು ಇರುವವನೇ ಒಬ್ಬ ಕುರುಡ, ಅವನೂ ಸರಿಯಾಗಿ ಕುರುಡನಂತೆ ಕಾಣದಿದ್ದರೆ ಚೇರ್ಮನ್ನರು ಏನು ಮಾಡಬೇಕು ಪಾಪ!

“ಪ್ರಿನ್ಸಿಪಾಲ್ರ, ಇವಂಗ ಸೆಂಟ್ ಹೊಡೀರಿ. ಮೈ ಕುರಿ ನಾತ ಬಡ್ಯಾಕತ್ತೈತಿ.”

ಪ್ರಿನ್ಸಿಪಾಲರು ಹೊಡೆದರು. ಮಾಳಸಿದ್ದ ಸೀನಿದ. “ಒಂದೀಟು ಉಳಿಸ್ರಿ ಸರ್, ಕುರಿಗೋಳಿಗೂ ಒಯ್ತೀನಿ,” ಎಂದ.

ಅವನನ್ನು ಕೂರಿಸಿದ್ದು ವಿಕಲಚೇತನರ ತಂತ್ರಜ್ಞಾನ ಕೇಂದ್ರದಲ್ಲಿ. ಹೆಸರು ಅಷ್ಟುದ್ದ, ಕೋಣೆ ಕಿಟಕಿಯೂ ಇಲ್ಲದ್ದು. ಅಲ್ಲೊಂದು ಮಾತಾಡುವ ಕಂಪ್ಯೂಟರು. ಬಿ.ಎ. ಪುಸ್ತಕಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಚಾಲೂ ಮಾಡಿದರೆ ಅದೇ ಓದಿ ಹೇಳುವಂಥದ್ದು, ಒತ್ತಿದ ಗುಂಡಿಯ ಹೆಸರು ಕೂಗುವಂಥದ್ದು. ಸರಕಾರ ಕೊಟ್ಟು ಎರಡು ವರ್ಷವಾದರೂ ದಸರೆಯ ಖಂಡೇಪೂಜೆಗೊಮ್ಮೆ ಬಾಗಿಲು ತೆರೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಮತ್ತೆ ಕೀಲಿ ಜಡಿಯುತ್ತಿದ್ದರು. ಮುಟ್ಟಿದರೆ ಕೆಡುತ್ತದಂತೆ.

ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ಹಿಂದಿನ ಸಲ ಅವನು ಹೇಳಿದ್ದನ್ನು ಬರೆಯಲು ಕೂರಿಸಿದ್ದ ಚೇರ್ಮನ್ನರ ತಂಗಿಯ ಮಗ ಅರ್ಧ ಪೇಪರಿಗೇ ಗೊರಕೆ ಹೊಡೆದಿದ್ದ. ಫೇಲಾದವನು ಮಾತ್ರ ಮಾಳಸಿದ್ದ. ಈ ಸಲ ತಾನೇ ಟೈಪು ಮಾಡಬೇಕು, ಅದಕ್ಕೆ ಕೈ ಪಳಗಬೇಕು. ಮಷೀನು ಕೇಳಿದಾಗಲೆಲ್ಲ ಪ್ರಿನ್ಸಿಪಾಲರು “ನಾಳಿ ಬಾ” ಎನ್ನುತ್ತಿದ್ದರು.

“ಇವತ್ತರ ಚಾಲೂ ಮಾಡ್ರಿ ಸರ್.”

“ಚಾಲೂ ಯಾಕೋ? ಈ ಹೆಡ್‌ಫೋನ್ ಕಿವೀಗಿ ಹಾಕ್ಕೊಂಡು ಗೋಣ ಹಾಕು. ಗಪ್ ಬಸ್!” ಎಂದರು ಚೇರ್ಮನ್ನರು.

ಕಮಿಟಿ ಬಂತು. ಮೇಡಂ ಒಬ್ಬರು ಹತ್ತಿರ ನಿಂತು ಕೇಳಿದರು: “ಏನು ಕೇಳಿಸ್ತಾ ಇದೆಯಪ್ಪಾ?”

“ಚೇರ್ಮನ್ರ ಹೊಟ್ಟಿ ಗುರುಗುಟ್ಟೂದು ಕೇಳಾಕತ್ತೈತ್ರಿ. ಮಷೀನ್ ಅಂತೂ ಬಂದಾಗಿಂದ ಬಾಯಿ ಬಿಟ್ಟಿಲ್ರಿ.”

ಮೇಡಂ ಅವರ ಪೆನ್ನು ಟಕ್ಕೆಂದಿತು.

“ಭಾಳ ಮಸ್ಕರಿ ಹುಡುಗರೀ ಇದು,” ಚೇರ್ಮನ್ನರು ನಕ್ಕರು. “ಬರ್ರಿ ಮೇಡಂ, ಹೋಳಿಗಿ ಆರಿ ಹೋಗ್ತಾವ.”

ಪೆನ್ನು ಮತ್ತೆ ಟಕ್ಕೆಂದು ಮುಚ್ಚಿತು. ಕಮಿಟಿ ಹೋಳಿಗೆಯ ಕಡೆ ನಡೆಯಿತು.

ಅವರ ಹೆಜ್ಜೆ ಸದ್ದು ದೂರವಾಗುತ್ತಲೇ ಕೆನ್ನೆಗೆ ಏಟು ಬಿತ್ತು. “ಏಳಲೇ ಸೂಳೀಮಗನ!” ಹಿಂದೆಯೇ ಉಳಿದಿದ್ದ ಚೇರ್ಮನ್ನರು ಅಬ್ಬರಿಸಿದರು.

“ಏಳಂಗಿಲ್ರಿ. ಇದು ಮಾತಾಡೂ ಮಟಾ ಏಳಂಗಿಲ್ಲ.”

ಮಾಳಸಿದ್ದ ಎರಡೂ ಕೈಯಿಂದ ಟೇಬಲ್ಲು ತಬ್ಬಿಕೊಂಡ. ಪ್ರಿನ್ಸಿಪಾಲರು ಎಳೆದರೆ ಟೇಬಲ್ಲೂ ಜೊತೆಗೇ ಬಂತು.

“ಬಿಡ್ರಿ, ಕುಂದರ್ಲಿ ಮಗ. ಏ ಅಕ್ಕುತಾಯಿ, ಲೈಟ್ ಆರ್ಸಿ ಕೀಲಿ ಹಾಕು. ಸಂಜೀತನಾ ಕತ್ತಲದಾಗ ಕುಂತ್ರ ಸೊಕ್ಕು ಇಳೀತೈತಿ.”

ಕಸ ಹೊಡೆಯುವ ಅಕ್ಕುತಾಯಿ ನಗುವನ್ನು ಕೆಮ್ಮು ಮಾಡಿ ನುಂಗಿದ್ದು ಮಾಳಸಿದ್ದನಿಗೆ ತಿಳಿಯಿತು.

“ಹೂಂನ್ರಿ ಸಾಹೇಬ್ರ, ಆರಸ್ತೀನ್ರಿ,” ಎಂದಳು. ಅವರಿಬ್ಬರೂ ಹೊರಗೆ ಹೋದ ಮೇಲೆ ಅವನ ಕಿವಿಯಲ್ಲಿ, “ಮಷೀನ್ ಬಟನ್ ಎಡಕ್ಕ ಐತೋ ಎಪ್ಪಾ, ಗ್ವಾಡಿ ಬುಡಕ,” ಎಂದಳು.

ಕೀಲಿ ಬಿತ್ತು. ಅವನು ಗೋಡೆ ತಡವಿ ಬಟನ್ ಒತ್ತಿದ. ಮಷೀನು ಗುಂಯ್ಯೆಂದು ಎದ್ದು “ನಮಸ್ಕಾರ” ಎಂದಿತು. ಆ ಕಾಲೇಜಿನಲ್ಲಿ ಎರಡು ವರ್ಷದಿಂದ ಅವನಿಗೆ ಯಾರೂ ನಮಸ್ಕಾರ ಹೇಳಿರಲಿಲ್ಲ. ಮಾಳಸಿದ್ದನಿಗೆ ಅಳು ಬಂತು. ಕಣ್ಣೊರೆಸಿಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿ ಬಂದ.

ತಾಸೆರಡು ತಾಸಿನ ಮೇಲೆ ಹೊರಗೆ ಕೀಲಿ ತೆಗೆದ ಸದ್ದಾಯಿತು. ಬಾಗಿಲು ಅಲುಗಿತು, ತೆರೆಯಲಿಲ್ಲ.

“ಮಾಳಸಿದ್ದಪ್ಪಾ, ಬಾಗಲಾ ತಗೀಪಾ,” ಚೇರ್ಮನ್ನರ ದನಿ ಬೆಣ್ಣೆಯಾಗಿತ್ತು. “ಮೇಡಂಗೋಳು ನಿನ್ನ ಫೋಟೋ ತಗೀತಾರಂತ.”

“ತಡೀರಿ, ಓದಾಕತ್ತೀನ್ರಿ.”

“ಕತ್ತಲದಾಗ ಏನ್ ಓದ್ತೀಯೋ ಮಂಗ್ಯಾನ ಮಗನ!”

ಮಾಳಸಿದ್ದ ಹೆಡ್‌ಫೋನಿನ ವಾಯರು ಕಿತ್ತ. ಮಷೀನಿನ ದನಿ ಕೋಣೆ ತುಂಬಿ ವರಾಂಡಕ್ಕೂ ಹರಿಯಿತು: “ಪಾಠ ಮೂರು. ಭೂಸುಧಾರಣೆ.”

ಬಾಗಿಲಿಗೆ ಒದೆಗಳು ಬೀಳತೊಡಗಿದವು. ಅವನು ಸದ್ದು ಇನ್ನಷ್ಟು ಏರಿಸಿದ.