ಮರಿ ಮುಚ್ಚುವ ಬುಟ್ಟಿ

ನಡುರಾತ್ರಿ ಗಿಲಕಿಯ ಸಣ್ಣ ಸದ್ದಾಯಿತು. ಶಿವಲೀಲಾ ಎದ್ದು ಕೂತಳು. ಮನೆಯಲ್ಲಿ ಕೂಸಿರಲಿಲ್ಲ, ಮೂಲೆಯ ಚೀಲದೊಳಗೆ ಇಲಿ ಹೊಕ್ಕಿತ್ತು, ಅಷ್ಟೆ.

ಕೂಲಿ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಿದ್ದ ಕೂಸಿನ ಮನೆಯ ಆಟಿಕೆಗಳು ಆ ಚೀಲದಲ್ಲಿದ್ದವು. ಗುಡೇಕೋಟೆ ಕಡೆಯ ಆ ಹಳ್ಳಿಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದ ಕಂಪನಿ ಸಾಮಾನಿಡಲು ಜಾಗ ಕೇಳಿದಾಗ, ಪಂಚಾಯಿತಿ ಅಧ್ಯಕ್ಷೆಯಾದ ಅವಳೇ ಕೂಸಿನ ಮನೆಯ ಕೋಣೆ ಖಾಲಿ ಮಾಡಿಸಿ ಕೀಲಿ ಕೊಟ್ಟಿದ್ದಳು, ಆಟಿಕೆಗಳನ್ನು ತನ್ನ ಮನೆಗೆ ತಂದಿಟ್ಟಿದ್ದಳು.

"ಮೊದಲು ಊರು ಬೆಳೀಲಿ ಅಕ್ಕಾರ," ಎಂದಿದ್ದ ಸದಸ್ಯ ಪಾಲಾಕ್ಷ. "ರಸ್ತಿ ಬರ್ತೈತಿ, ಕೆಲಸ ಬರ್ತೈತಿ. ಕೂಸು ಆಡ್ಸೋದು ಆಮ್ಯಾಲೆ ಇದ್ದದ್ದ."

ಅದು ಸುಳ್ಳೇನೂ ಆಗಿರಲಿಲ್ಲ. ಹೆಂಗಸರಿಗೂ ಗುಡ್ಡದ ಮೇಲೆ ಕೂಲಿ ಸಿಕ್ಕಿತ್ತು.

ಮರುದಿನ ಮಧ್ಯಾಹ್ನ ನಲ್ಲಿಯ ದುರಸ್ತಿ ನೋಡಿ ಬರುವಾಗ, ಗುಡ್ಡದ ಕೆಲಸಕ್ಕೆ ಹೋಗುವ ಎರ್ರೆಮ್ಮನ ಅಂಗಳದಲ್ಲಿ ದೊಡ್ಡ ಬುಟ್ಟಿಯೊಂದು ಬೋರಲಾಗಿತ್ತು. ಮೇಲೊಂದು ಕಲ್ಲು. ತಾಯಿಕುರಿಗಳು ಮೇಯಲು ಹೋದಾಗ ಮರಿಗಳನ್ನು ಹೀಗೆ ಮುಚ್ಚಿಡುವುದು ಊರಿನ ವಾಡಿಕೆ. ಆದರೆ ಹೆಣಿಗೆಯ ಸಂದಿನಿಂದ ಹೊರಬಂದದ್ದು ಮರಿಯ ಕಾಲಲ್ಲ, ಪುಟ್ಟ ಬೆರಳುಗಳು.

ಕಲ್ಲು ಸರಿಸಿ ಕೂಸನ್ನು ಎತ್ತಿಕೊಳ್ಳುವಷ್ಟರಲ್ಲಿ, ಹಾಲೂಡಿಸಲು ಓಡಿಬಂದ ಎರ್ರೆಮ್ಮ ಎದುರಿಗೆ ನಿಂತಿದ್ದಳು.

"ನಾಯಿ ಬರಬಾರದಂತ ಮುಚ್ಚಿದ್ನಿರಿ. ಮರಿ ಜೊತಿ ಇದ್ರ ಅಳಾದಿಲ್ಲ."

"ಏ ಹುಚ್ಚಿ, ಉಸಿರುಗಟ್ಟಿದ್ರ ಏನ್ ಮಾಡ್ತಿದ್ದಿ?"

"ಕೆಲಸ ಕೊಡಿಸಿದೋರು ನೀವ. ಕೂಸಿನ ಮನಿ ಮುಚ್ಚಿದೋರೂ ನೀವ. ಗಂಡ ಕುರಿ ಹಿಂದ ಹೋಗ್ಯಾನ. ಊರು ಬೆಳೆಯೋಮಟ ಇದನ್ನ ಎಲ್ಲಿಡ್ಲಿ, ಹೇಳ್ರಿ?" ಮರುಕ್ಷಣವೇ ಅವಳ ದನಿ ಕುಗ್ಗಿತು. "ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ. ಇಕಿ ತಾಯೇನು ಅಂತಾರ."

ಶಿವಲೀಲಾ ಕೂಸಿನ ತಲೆಗೆ ಅಂಟಿದ್ದ ಉಣ್ಣೆಯನ್ನು ಒಂದೊಂದಾಗಿ ಬಿಡಿಸಿದಳು.

ಸಂಜೆ ಪಂಚಾಯಿತಿಯಲ್ಲಿ ಪಾಲಾಕ್ಷನನ್ನು ಕರೆದಳು. "ಕಂಪನಿ ಸಾಮಾನು ನನ್ನ ಕೋಣಿಗೆ ಹಾಕ್ಸು. ನಾಳಿಂದ ಕೂಸಿನ ಮನಿ ತೆಗೀಬೇಕು."

"ಅಧ್ಯಕ್ಷರು ಎಲ್ಲಿ ಕುಂದರ್ತಾರ?"

"ಜಗಲಿ ಮ್ಯಾಲ. ಅಲ್ಲಿ ಗಾಳಿ ಚಲೋ ಬರ್ತೈತಿ. ಕಂಪನಿ ಬಂದಿದ್ದೂ ಗಾಳಿಗೇ ಅಲ್ಲೇನು?"

ಪಾಲಾಕ್ಷ ನಕ್ಕ. ಅವಳು ಮನೆಯಿಂದ ತಂದಿದ್ದ ಆಟಿಕೆಯ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡ. "ಅಲ್ರಿ, ಒಂದ ದಿನದಾಗ ಏನಾತು ನಿಮಗ?"

ಎದುರಿನ ಹಾದಿಯಲ್ಲಿ ಎರ್ರೆಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನೀರಿಗೆ ಹೊರಟಿದ್ದಳು. ಇವರಿಬ್ಬರನ್ನು ಕಂಡು ಅವಳ ಹೆಜ್ಜೆ ತಡವರಿಸಿತು.

"ಇಲಿ ಕಾಟಪ್ಪಾ," ಎಂದಳು ಶಿವಲೀಲಾ. "ಗಿಲಕಿ ಸದ್ದಿಗೆ ರಾತ್ರಿ ನಿದ್ದಿ ಇಲ್ಲ."

ಉಳಿದದ್ದನ್ನು ಅವನಿಗಾಗಲಿ, ಮನೆಯಲ್ಲಾಗಲಿ, ಯಾರಿಗೂ ಹೇಳಬಾರದೆಂದು ಅವಳು ಆಗಲೇ ನಿರ್ಧರಿಸಿದ್ದಳು.