ತೂಬಿನ ಕಾವಲು

“ನೀರು ಮುಟ್ಟಿದಿ ಅಂದ್ರ ಕೈ ಕಡಿತೀನಿ, ಸೂಳೇಮಗನ! ಕಾಯಾಕ ಇಟ್ಟೀನಿ ನಿನ್ನ, ಕುಡ್ಯಾಕಲ್ಲ!”

ಸಾಹುಕಾರ ಜಂಬಣ್ಣ ಹೀಗೆ ಬೈದದ್ದು ನನ್ನ ಗಂಡ ಮೌನಪ್ಪನಿಗೆ. ಅವನು ಬೊಗಸೆ ಹಿಂದಕ್ಕೆ ತೆಗೆದು, ಒಣಬಾಯಲ್ಲೇ ಬಡಿಗೆ ಹಿಡಿದು ತೂಬಿನ ಮುಂದೆ ನಿಂತ. ನನಗೆ ಮೈಯೆಲ್ಲ ಉರಿಯಿತು.

ಎಂಬತ್ತಾರನೇ ಇಸವಿಯಲ್ಲೂ ಮಳೆ ಕೈಕೊಟ್ಟಿತ್ತು. ಮಾನ್ವಿ ಕಡೆಯ ಕಾಲುವೆಗೆ ಬರುತ್ತಿದ್ದುದೇ ಮೊಣಕಾಲುದ್ದ ನೀರು. ಜಂಬಣ್ಣ ತೂಬಿಗೆ ಹಲಗೆ ಜಡಿದು ಅಷ್ಟನ್ನೂ ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಕೆಳಗಿನ ಊರಿನ ಕೆರೆ ಒಣಗಿತ್ತು. ನನ್ನ ಮಗಳು ಗೋಪಮ್ಮನನ್ನು ಕೊಟ್ಟದ್ದು ಅದೇ ಊರಿಗೆ. ಹಸಿ ಬಾಣಂತಿ ಅವಳು.

ಆ ಊರಿನ ಸಾಹುಕಾರನೂ ಅಲ್ಲಿನ ಹೊಲಗೇರಿಯವರ ಕೈಗೆ ಬಡಿಗೆ ಕೊಟ್ಟು ಕರೆತಂದಿದ್ದ. ಮುಂದೆ ನಿಂತವನು ನನ್ನ ಅಳಿಯ ವೆಂಕೋಬ. ಸಾಹುಕಾರರಿಬ್ಬರೂ ದಂಡೆಯ ಮೇಲೆ, ಛತ್ರಿ ಕೆಳಗೆ. ನಡುವೆ ನಾವು ಬೀಗರು. ಒಲ್ಲೆ ಅನ್ನುವ ಹಾಗಿರಲಿಲ್ಲ. ನಮ್ಮ ಗುಡಿಸಲು ಜಂಬಣ್ಣನ ಜಾಗದಲ್ಲಿತ್ತು. ತೂಬಿನ ಬಳಿಯಿಂದಲೇ ಕಾಣುತ್ತಿತ್ತು.

ಫೌಜದಾರ ಮರಿಸ್ವಾಮಿ ಪೊಲೀಸರೊಂದಿಗೆ ಬಂದು, ಜೀಪಿನಲ್ಲಿ ಕೂತು ಪೇಪರು ಓದುತ್ತಿದ್ದ.

“ಕೇಳ್ರಿ ಸಾವ್ಕಾರ್ರ, ಕಾರ್ಖಾನಿ ಹೊಗಿಗೆ ಭೂಮಿನ ಬಿಸಿ ಆಗಾಕತ್ತದಂತ. ಮುಂದ ನೀರಿಗಾಗಿ ದೇಶ ದೇಶನ ಬಡದಾಡ್ತಾವಂತ. ವಿಲಾಯತಿ ಪಂಡಿತರು ಹೇಳ್ಯಾರ.”

“ಆಗೂ ಬಡಿಗಿ ಹಿಡಿಯಾವ್ರು ನಾವನ ಏನ್ರೀ ಯಪ್ಪಾ?” ಅಂದೆ.

“ಬಾಯಿ ಮುಚ್ಚಬೇ!” ಫೌಜದಾರ ಗದರಿದ.

ವೆಂಕೋಬ ಇನ್ನೊಂದು ಹೆಜ್ಜೆ ಮುಂದೆ ಬಂದ. “ಮಾವಾ, ಗೋಪಿಗೆ ಕುಡ್ಯಾಕ ನೀರಿಲ್ಲ. ಎದಿ ಬತ್ತ್ಯಾವ. ಕೂಸು ಅಳೂದೂ ಬಿಟ್ಟದ.”

“ಹಿಂದಕ ಹೋಗಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ,” ಅಂದ ನನ್ನ ಗಂಡ.

“ಏನ್ ಮಾತಾಡ್ತೀಲೇ ಮೌನ್ಯಾ? ಹಾಕು ತೆಲಿಮ್ಯಾಲ!” ಜಂಬಣ್ಣ ಕಿರುಚಿದ.

ಮಾವ ಬಡಿಗೆ ಎತ್ತಿದ. ಅಳಿಯನೂ ಎತ್ತಿದ. ನಾನು ಸೀರೆ ಎತ್ತಿ ಕಟ್ಟಿ ಕಾಲುವೆಗೆ ಧುಮುಕಿ, ಎರಡೂ ಕೈಯಿಂದ ಹಲಗೆ ಕಿತ್ತೆ. ನೀರು ಭೋರೆಂದು ಕೆಳಗಿನ ಊರಿನ ಕಡೆ ಹೊರಟಿತು.

ಜಂಬಣ್ಣ ಓಡಿ ಬಂದು ದಂಡೆಯ ಅಂಚಿನಲ್ಲೇ ನಿಂತ. ನಾನು, ಹೊಲಗೇರಿಯ ಯಮನಮ್ಮ, ನಿಂತ ನೀರಿಗೆ ಅವನು ಕಾಲಿಡುವುದುಂಟೇ! ಪೊಲೀಸರೂ ಇಳಿಯಲಿಲ್ಲ.

“ಹೊಡದು ಎಳಿಲೇ ನಿನ್ನ ಹೇಂತಿನ! ಇಲ್ಲಾಂದ್ರ ಇವತ್ತ ಗುಡಿಸಲಿಗೆ ಬೆಂಕಿ ಇಡ್ತೀನಿ!”

ನನ್ನ ಗಂಡ ನೀರಿಗಿಳಿದ. ಹಲಗೆಯನ್ನು ಎದೆಗವಚಿಕೊಂಡೆ.

“ಹೊಡಿ,” ಅಂದೆ. “ಹಲಗಿ ಬಿಡಂಗಿಲ್ಲ.”

ಅವನು ಬಡಿಗೆ ಎತ್ತಿದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಗುಡಿಸಲಿನ ಮೇಲಿತ್ತು.