ಅನಂತಮತಿ ತವರು ತೋರಿಸಿದ್ದು

ತ್ರಿಶಲಾ ಎರಡನೆಯ ಕೊಡದ ಬಾಯಿಗೆ ಅರಿವೆ ಹೊದಿಸಿ ನೀರು ಸೋಸುತ್ತಿರುವಾಗಲೇ ಅತ್ತೆ ಕಮಲಾಬಾಯಿ ಹಿತ್ತಲ ಬಾಗಿಲಿಗೆ ಬಂದು, ಒಲೆ ಸಾರಿಸಿದ್ದಾಯಿತೇ ಎಂದು ಮತ್ತೊಮ್ಮೆ ಕೇಳಿದಳು. ಹಿತ್ತಲಿನ ಆ ಒಲೆ ಉರಿದು ಎಷ್ಟೋ ವರ್ಷಗಳಾಗಿದ್ದವು. ಮನೆಗೆ ಗ್ಯಾಸು ಬಂದ ಮೇಲೆ ಅದರೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಈಗ ಪುಣೆಯಿಂದ ಮಗಳು ಅನಂತಮತಿ ಫೋನು ಮಾಡಿ, ತನ್ನ ಗೆಳತಿಯರಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಆಗಬೇಕು, ಗ್ಯಾಸಿನದನ್ನು ಅವರು ದಿನಾ ತಿನ್ನುತ್ತಾರೆ ಎಂದು ಹೇಳಿದ್ದರಿಂದ ಬೆಕ್ಕಿನ ಸಂಸಾರವನ್ನು ಎಬ್ಬಿಸಿ, ಒಲೆಗೆ ಸೆಗಣಿ ಬಳಿದು, ಹಸಿ ಕಟ್ಟಿಗೆಯನ್ನು ಎರಡು ದಿನ ಅಟ್ಟದ ಮೇಲೆ ಒಣಗಿಸಿದ್ದಾಗಿತ್ತು.

ಆಯಿತೆಂದು ತಲೆಯಾಡಿಸಿ ತ್ರಿಶಲಾ ಅರಿವೆಯನ್ನು ಮಗುಚಿ ಹಿಡಿದಳು. ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅರಿವೆಗೆ ಅಂಟಿದ್ದನ್ನೆಲ್ಲ ಸಣ್ಣ ತಂಬಿಗೆಗೆ ತೊಳೆದಿಳಿಸಿದಳು. ಆ ತಂಬಿಗೆಗೆ ಹಗ್ಗ ಕಟ್ಟಿ ಬಾವಿಗೆ ಬಿಟ್ಟು, ನೀರಿಗೆ ಮುಟ್ಟಿದ ಮೇಲೆ ಮೆಲ್ಲಗೆ ಬಗ್ಗಿಸಿದಳು. ಕಣ್ಣಿಗೆ ಕಾಣದ ಜೀವಗಳು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಪೆಟ್ಟಾಗದಂತೆ ಹೋಗಬೇಕು. ಕಲ್ಲೋಳಿಯ ಜೈನರ ಓಣಿಯಲ್ಲಿ ಮನೆಮನೆಗೆ ನಳ ಬಂದ ಮೇಲೆ ಈ ಕೆಲಸ ಅನೇಕರಿಗೆ ಮರೆತೇಹೋಗಿತ್ತು. ಕಮಲಾಬಾಯಿ ಮಾತ್ರ ಬಾವಿಯ ನೀರನ್ನಲ್ಲದೆ ಕುಡಿಯುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ತ್ರಿಶಲಾ ಒಮ್ಮೆ ತಂಬಿಗೆಯನ್ನು ಮೇಲಿನಿಂದಲೇ ಬೋರಲು ಹಾಕಿದ್ದಕ್ಕೆ ಅತ್ತೆ ಎಂಟು ದಿನ ಮಾತು ಬಿಟ್ಟಿದ್ದಳು. ನಿಪ್ಪಾಣಿಯ ಹುಡುಗಿಗೆ ಧರ್ಮವೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ ಎಂದು ಓಣಿಗೆಲ್ಲ ಸಾರಿದವಳು ಆಗಿನ್ನೂ ಮದುವೆಯಾಗದೆ ಮನೆಯಲ್ಲಿದ್ದ ನಾದಿನಿ ಅನಂತಮತಿ. ತವರಿನಲ್ಲಿ ಮರಾಠಿಯಷ್ಟೇ ಆಡಿ ಬೆಳೆದಿದ್ದ ತ್ರಿಶಲಾ ಒಂದು ಮಾತಾಡಿದರೆ ಸಾಕು, ಅನಂತಮತಿ ಅದನ್ನು ಹಾಗೇ ಅಣಕಿಸಿ ಗೆಳತಿಯರನ್ನು ನಗಿಸುತ್ತಿದ್ದಳು. ಗೆಳತಿಯರನ್ನು ನಗಿಸುವ ಚಟ ಆಗಿನಿಂದಲೂ ಇತ್ತು ಅನ್ನಿ.

ಈ ಸಲ ಅವಳು ಬರುತ್ತಿದ್ದುದು ಆರು ವರ್ಷಗಳ ನಂತರ. ತವರಿಗೆಂದೇನೂ ಅಲ್ಲ. ಗೋಕಾಕ ಫಾಲ್ಸಿಗೆ ನೀರು ಜೋರಾಗಿ ಬಂದಿದೆಯೆಂದು ಪುಣೆಯ ಮೂವರು ಗೆಳತಿಯರನ್ನು ಕಟ್ಟಿಕೊಂಡು ಎರಡು ದಿನದ ಟ್ರಿಪ್ಪು ಹೊರಟಿದ್ದಳು. ಫಾಲ್ಸು, ತೂಗುಸೇತುವೆ, ಗೊಡಚಿನಮಲ್ಕಿಯ ಇನ್ನೊಂದು ಫಾಲ್ಸು, ಕರದಂಟಿನ ಅಂಗಡಿ, ಇವುಗಳ ನಡುವೆ ಅರ್ಧ ದಿನ 'ನನ್ನ ಹಳ್ಳಿ'. ಇಳಿದುಕೊಂಡಿದ್ದು ಗೋಕಾಕದ ಲಾಡ್ಜಿನಲ್ಲಿ. ಮನೆಯಲ್ಲಿ ಕೋಣೆಗಳಿಗೇನು ಬರವೇ ಎಂದು ಅಣ್ಣ ಧನ್ಯಕುಮಾರ ಫೋನಿನಲ್ಲಿ ಬೇಸರಿಸಿದ್ದಕ್ಕೆ, ಗೆಳತಿಯರಿಗೆ ನಮ್ಮ ಪಾಯಖಾನೆ ಒಗ್ಗುವುದಿಲ್ಲ ಎಂದಿದ್ದಳು. ತನಗೇ ಒಗ್ಗುವುದಿಲ್ಲ ಎಂದು ಹೇಳಲಿಲ್ಲ, ಅದೇ ಅವಳ ದೊಡ್ಡತನ.

ಆದರೂ ಮನೆಯಲ್ಲಿ ಎಲ್ಲರೂ ಹಬ್ಬದಂತೆ ಕಾಯುತ್ತಿದ್ದರು. ಕಾರಣ ತೃಪ್ತಿ. ತ್ರಿಶಲಾಳ ಈ ಒಬ್ಬಳೇ ಮಗಳ ತೊಟ್ಟಿಲ ದಿನ ಅನಂತಮತಿ ಕೂಸಿನ ಬಾಯಿಗೆ ಸಕ್ಕರೆ ಇಟ್ಟು, ಇವಳು ನನ್ನ ಮಗ ಪ್ರತೀಕನಿಗೆ, ಯಾರೂ ಕಣ್ಣು ಹಾಕಬೇಡಿ ಎಂದು ನೆರೆದವರ ಮುಂದೆ ಹೇಳಿದ್ದಳು. ಅಣ್ಣನ ಮಗಳ ಮೇಲೆ ತಂಗಿಯ ಹಕ್ಕು ಈ ಸೀಮೆಯಲ್ಲಿ ಯಾರೂ ಪ್ರಶ್ನಿಸದ ಹಕ್ಕು. ಬಿ.ಎ. ಮುಗಿಸಿ ಮನೆಯಲ್ಲಿದ್ದ ತೃಪ್ತಿಗೆ ಇಪ್ಪತ್ತು ದಾಟಿತ್ತು. ಯುಗಾದಿಯ ಹೊತ್ತಿಗೆ ಬೆಲ್ಲದ ಬಾಗೇವಾಡಿ ಊರಿನವರೊಬ್ಬರು ಹುಡುಗಿಯನ್ನು ಕೇಳಿಕೊಂಡು ಬಂದಿದ್ದರು. ಹುಡುಗ ಹುಕ್ಕೇರಿಯಲ್ಲಿ ಹೈಸ್ಕೂಲು ಮಾಸ್ತರ, ಸಣ್ಣಗೆ ಮಾತಾಡುವವನು, ತಟ್ಟೆಯಲ್ಲಿ ಹಾಕಿದ್ದನ್ನು ಬಿಡದೆ ತಿಂದವನು. ತಂಗಿಯ ಮಾತು ಇದೆ, ಅವಳು ಒಂದು ತೀರ್ಮಾನ ಹೇಳಲಿ ಎಂದು ಧನ್ಯಕುಮಾರ ಅವರನ್ನು ನಿಲ್ಲಿಸಿದ್ದ. ಅವರೂ ಒಳ್ಳೆಯವರು, ನಿಂತಿದ್ದರು. ಈಗ ತಂಗಿಯೇ ಬರುತ್ತಿದ್ದಾಳೆ, ಮಾತು ತೆಗೆಯದೆ ಹೋಗುತ್ತಾಳೆಯೇ ಎಂದು ಅವನ ಲೆಕ್ಕ. ತೃಪ್ತಿಯ ಲೆಕ್ಕವೇನೆಂದು ಕೇಳಿದವರಿರಲಿಲ್ಲ. ತ್ರಿಶಲಾಳೂ ಕೇಳಿರಲಿಲ್ಲ.

ಹನ್ನೊಂದರ ಸುಮಾರಿಗೆ ಸುಮೋ ಗಾಡಿ ಬಂದು ನಿಂತಿತು. ಮೊದಲು ಇಳಿದದ್ದು ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬ ಹೆಂಗಸು. ಆಮೇಲೆ ಗೋಕಾಕದ ಆಟಿಕೆ ಅಂಗಡಿಯಲ್ಲಿ ಕೊಂಡ ಬಣ್ಣದ ಕಟ್ಟಿಗೆ ಬಾಳೆಹಣ್ಣು ಹಿಡಿದುಕೊಂಡ ಇನ್ನೊಬ್ಬಳು. ಅನಂತಮತಿ ಕೊನೆಗೆ ಇಳಿದು, ಅವ್ವನ ಕಾಲು ಮುಟ್ಟುವ ಮೊದಲು ಗೆಳತಿಯರತ್ತ ತಿರುಗಿ ಮರಾಠಿಯಲ್ಲಿ ವಿವರಣೆಗೆ ನಿಂತಳು. ಈ ಕಟ್ಟೆಯ ಮೇಲೆ ಸಂಜೆ ಗಂಡಸರು ಕೂಡುತ್ತಾರೆ, ಈ ಮಂದಿ ಹೊತ್ತು ಮುಳುಗುವ ಮೊದಲೇ ಊಟ ಮಾಡುತ್ತಾರೆ, ಈ ಮಂದಿ ಮಳೆಗಾಲದ ನಾಲ್ಕು ತಿಂಗಳು ಗಡ್ಡೆಗೆಣಸು ಮುಟ್ಟುವುದಿಲ್ಲ. ಗೆಳತಿಯರು ಅವಳನ್ನು ಅನು, ಅನು ಎನ್ನುತ್ತಿದ್ದರು. ಅನಂತಮತಿ ಎಂಬ ಹೆಸರು ಪುಣೆಯ ಯಾವುದೋ ರಸ್ತೆಯಲ್ಲಿ ಉದುರಿಹೋಗಿ ಅಷ್ಟೇ ಉಳಿದಿತ್ತು.

ತ್ರಿಶಲಾಳನ್ನು ನೋಡಿ ಅವಳ ಮುಖ ಸಪ್ಪಗಾಯಿತು.

"ಇದೇನ ವೈನಿ, ಪಾಲಿಯೆಸ್ಟರ್ ಸೀರಿ ಉಟ್ಟೀರಿ? ಇಳಕಲ್ ಇಲ್ಲೇನು? ಫೋಟೋದಾಗ ಅದ ಚೆಂದ ಕಾಣ್ತೈತಿ."

"ಟ್ರಂಕಿನ್ಯಾಗ ಐತಿ. ರೊಟ್ಟಿ ಬಡ್ಯಾಕ ಯಾರ ಇಳಕಲ್ ಉಡ್ತಾರ?"

"ಉಡ್ರಿ, ಒಂದ ತಾಸು. ನನ್ನ ಸಲುವಾಗಿ."

ಕಮಲಾಬಾಯಿಯೂ ಉಡು ಎಂದು ಕಣ್ಣಸನ್ನೆ ಮಾಡಿದಳು. ತ್ರಿಶಲಾ ಒಳಗೆ ಹೋಗಿ ಇಳಕಲ್ ಉಟ್ಟು ಬಂದು, ಹೊಗೆಯ ಮುಂದೆ ಕೂತು, ಬೆಕ್ಕಿನ ಒಲೆಯ ಮೇಲೆ ರೊಟ್ಟಿ ಬಡಿದಳು. ಒಮ್ಮೆ ಕೈ ಮೇಲೆತ್ತಿ ಹಿಡಿಯಬೇಕಂತೆ, ಒಮ್ಮೆ ಕೆಳಗಂತೆ. ಒಂದು ರೊಟ್ಟಿ ಹಂಚಿನ ಮೇಲೇ ಕರಕಾಯಿತು. ಅದೇ ಬಹಳ ಚೆನ್ನಾಗಿದೆಯೆಂದು ಕಟ್ಟಿಗೆ ಬಾಳೆಹಣ್ಣಿನವಳು ತಟ್ಟೆಗೆ ಹಾಕಿಕೊಂಡಳು. ರೊಟ್ಟಿಯ ಜೊತೆ ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ ಇದ್ದರೇ ಹಳ್ಳಿಯ ರುಚಿ ಎಂದು ಅನಂತಮತಿ ಡ್ರೈವರನನ್ನು ಅಂಗಡಿಗೆ ಅಟ್ಟಿದಳು. ಗಡ್ಡೆ ಮುಟ್ಟದ ಆ ನಾಲ್ಕು ತಿಂಗಳ ವಿವರಣೆ ಕೊಟ್ಟು ಇನ್ನೂ ಒಂದು ತಾಸಾಗಿರಲಿಲ್ಲ.

ಊಟಕ್ಕೆ ಮೊದಲು ಬಾವಿ ನೋಡುವುದಿತ್ತು. ತಾನು ಹುಡುಗಿಯಾಗಿದ್ದಾಗ ಹೇಗೆ ನೀರು ಸೇದುತ್ತಿದ್ದೆನೆಂದು ತೋರಿಸಲು ಅನಂತಮತಿ ಸೆರಗು ಸಿಕ್ಕಿಸಿಕೊಂಡು ನಿಂತಳು. ತ್ರಿಶಲಾ ಹಗ್ಗಕ್ಕೆ ಕೈ ಕೊಡಲು ಹೋದರೆ, "ನೀವು ಬಾಜೂಕ ಸರೀರಿ ವೈನಿ, ನೆರಳು ಬೀಳ್ತೈತಿ" ಎಂದಳು. ಸೇದಿದಳು, ಸೋಸಿದಳು, ಅರಿವೆಯನ್ನು ತಂಬಿಗೆಗೆ ತೊಳೆದಳು, ಅಹಿಂಸೆಯ ಬಗ್ಗೆ ಮರಾಠಿಯಲ್ಲಿ ನಾಲ್ಕು ಮಾತಾಡಿದಳು. ಕ್ಯಾಮೆರಾದವಳು ಸಾಕೆಂದು ಕೈ ಮಾಡಿದ ಕೂಡಲೇ ತಂಬಿಗೆಯನ್ನು ಪಕ್ಕದ ಕರಿಬೇವಿನ ಬುಡಕ್ಕೆ ಚೆಲ್ಲಿ ಕೈ ಒರೆಸಿಕೊಂಡಳು.

ಕಮಲಾಬಾಯಿ ನೋಡಿದಳು, ತೃಪ್ತಿಯೂ ನೋಡಿದಳು. ಯಾವ ತಪ್ಪಿಗೆ ಸೊಸೆಯನ್ನು ಎಂಟು ದಿನ ಗೋಡೆಯಂತೆ ಕಂಡಿದ್ದಳೋ ಅದು ಮಗಳ ಕೈಯಲ್ಲಿ ಮುದುಕಿಗೆ ತಪ್ಪಾಗಿ ಕಾಣಲಿಲ್ಲ. "ಮರತಾಳ ಪಾಪ, ಪುಣೆದಾಗ ಬಾವಿ ಎಲ್ಲಿಂದ ಬರಬೇಕ" ಎಂದು ನಕ್ಕಳು. ಬೇರಿನ ಮಣ್ಣು ಆ ನೀರನ್ನು ಹೀರುವುದನ್ನು ತ್ರಿಶಲಾ ನೋಡುತ್ತ ನಿಂತಳು. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಿಚ್ಚಳತೆ ಬಂತು. ಮರೆತವಳಾದರೆ ಸೋಸುವುದನ್ನೂ ಮರೆಯಬೇಕಿತ್ತು. ಇವಳಿಗೆ ನೆನಪಿದ್ದದ್ದು ಕಾಣುವಷ್ಟು ಭಾಗ ಮಾತ್ರ.

ಪಡಸಾಲೆಯಲ್ಲಿ ಎಲೆ ಹಾಕಿದ್ದಾಯಿತು. ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಹೋಳಿಗೆ, ಕಟ್ಟಿನ ಸಾರು. ತೃಪ್ತಿ ಬಡಿಸುತ್ತಿದ್ದಳು. ಅವಳು ತುಪ್ಪ ತರಲು ಒಳಗೆ ಹೋದಾಗ ಕ್ಯಾಮೆರಾದವಳು, ಎಷ್ಟು ಮುದ್ದಾದ ಹುಡುಗಿ, ಸೊಸೆ ಮಾಡಿಕೊಳ್ಳಬಾರದೇ ಎಂದು ಮರಾಠಿಯಲ್ಲಿ ಕೇಳಿದಳು. ತ್ರಿಶಲಾ ಮಜ್ಜಿಗೆಯ ಚರಿಗೆ ಹಿಡಿದು ಕಂಬದ ಪಕ್ಕದಲ್ಲೇ ಇದ್ದಳು. ಅನಂತಮತಿ ತಲೆ ಸಹ ಎತ್ತಲಿಲ್ಲ. ಹೋಳಿಗೆ ಮುರಿಯುತ್ತ, ದನಿ ತಗ್ಗಿಸದೆ, ಅಷ್ಟೇ ಸಲೀಸಾಗಿ ಮರಾಠಿಯಲ್ಲಿ ಹೇಳಿದಳು. ಹುಟ್ಟಿದಾಗಿನಿಂದ ಈ ಮಂದಿ ಇವಳನ್ನು ನಮ್ಮ ಪ್ರತೀಕನಿಗೆಂದೇ ಇಟ್ಟುಕೊಂಡಿದ್ದಾರೆ. ಪ್ರತೀಕ ಕಳೆದ ವರ್ಷವೇ ಬೇಡ ಅಂದ, ಅವನಿಗೆ ಬೇರೆ ಹುಡುಗಿ ಇದ್ದಾಳೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇಲ್ಲ ಅಂದರೆ ಮುಖ ಉಬ್ಬಿಸಿಕೊಳ್ಳುತ್ತಾರೆ, ಆಮೇಲೆ ಬರುವುದು ಹೋಗುವುದು ಕಷ್ಟ. ಅವರೇ ಒಂದು ದಿನ ತಿಳಿದುಕೊಳ್ಳುತ್ತಾರೆ, ಹಳ್ಳಿಯಲ್ಲಿ ಕಾಯುವುದಕ್ಕೇನು.

ಮೂವರೂ ಪಾಪ ಪಾಪ ಎಂದರು. ಒಬ್ಬಳು ಇನ್ನೊಂದು ಹೋಳಿಗೆಗೆ ಕೈ ಚಾಚಿದಳು.

ತನ್ನ ವೈನಿ ಮರಾಠಿಯವಳು ಎಂಬುದು ಅನಂತಮತಿಗೆ ಹೊಳೆಯಲೇ ಇಲ್ಲ. ಯಾರ ಮರಾಠಿ ನಾಲಿಗೆಯನ್ನು ಹಂಗಿಸಿ ಹಂಗಿಸಿ ಕನ್ನಡಕ್ಕೆ ತಿರುಗಿಸಿದ್ದಳೋ ಅವಳ ಮುಂದೆಯೇ ಮರಾಠಿಯನ್ನು ಮರೆಮಾತಿನಂತೆ ಆಡುತ್ತಿದ್ದಳು. ಅಥವಾ ಮರೆಮಾಡುವ ಉದ್ದೇಶವೂ ಇರಲಿಲ್ಲವೇನೋ. ಫಾಲ್ಸಿನ ಮುಂದೆ ನಿಂತು ಫಾಲ್ಸಿನ ಬಗ್ಗೆ ಆಡುವವರು ಅದಕ್ಕೆ ಕೇಳಿಸೀತೇ ಎಂದು ಯೋಚಿಸುತ್ತಾರೆಯೇ?

ತ್ರಿಶಲಾಳ ನಾಲಿಗೆಯ ತುದಿಗೆ ನಿಪ್ಪಾಣಿಯ ಒಳ್ಳೆಯ ಖಾರದ ಮರಾಠಿ ಬಂದು ನಿಂತಿತು. ಒಂದು ಮಾತಾಡಿದ್ದರೆ ನಾಲ್ವರ ಕೈಯ ತುತ್ತೂ ಕೈಯಲ್ಲೇ ಉಳಿಯುತ್ತಿತ್ತು. ಆದರೆ ಆಮೇಲೆ? ವೈನಿ ಗೆಳತಿಯರ ಮುಂದೆ ಮರ್ಯಾದೆ ತೆಗೆದಳು, ಆದ್ದರಿಂದಲೇ ಆ ಮನೆಯ ಹೆಣ್ಣು ಬೇಡವೆಂದೆ ಎಂದು ಅನಂತಮತಿಗೆ ಊರೆಲ್ಲ ಹೇಳಿಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಅತ್ತೆ ಮಗಳ ಕಡೆ, ಗಂಡ ತಂಗಿಯ ಕಡೆ. ಅಂಥ ಉಪಕಾರ ತಾನೇಕೆ ಮಾಡಬೇಕು?

"ಮಜ್ಜಿಗಿ ಹಾಕ್ಲೇನ್ರಿ?" ಎಂದು ಕನ್ನಡದಲ್ಲಿ ಕೇಳಿ, ನಾಲ್ಕು ಲೋಟಕ್ಕೂ ತುಳುಕದಂತೆ ಹಾಕಿದಳು.

ಹೊರಡುವ ಮುಂದೆ ಉಡಿ ತುಂಬುವುದಿತ್ತು. ತವರಿನಿಂದ ಹೊರಟ ಹೆಣ್ಣಿನ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಅರಿವೆ ಹಾಕಿ ಕಳಿಸುವುದು. ತ್ರಿಶಲಾ ಕುಂಕುಮ ಹಚ್ಚಿ ಬೊಗಸೆ ಅಕ್ಕಿ ಸುರಿದಳು. ಕ್ಯಾಮೆರಾದ ರೀಲು ತಿರುಗದೆ ಫೋಟೋ ಬೀಳಲಿಲ್ಲವಂತೆ. ಅನಂತಮತಿ ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದು, "ಇನ್ನೊಮ್ಮಿ ತುಂಬ್ರಿ ವೈನಿ, ಸ್ವಲ್ಪ ನಕ್ಕೋತ" ಎಂದಳು. ತುಂಬಿದ ಉಡಿಯನ್ನು ತಿರುವಿ ಹಾಕಿದ ಹೆಣ್ಣನ್ನು ತ್ರಿಶಲಾ ಅದೇ ಮೊದಲು ಕಂಡದ್ದು. ಎರಡನೆಯ ಸಲ ತುಂಬಿದಳು, ನಕ್ಕಳು. ಆ ನಗು ಮಾತ್ರ ನಿಜವಾದದ್ದೇ, ಮುಂದೇನು ಮಾಡಬೇಕೆಂದು ಅವಳಿಗೆ ಅಷ್ಟರಲ್ಲಿ ಹೊಳೆದಿತ್ತು. ಗಾಡಿಯಲ್ಲಿ ಕರದಂಟಿನ ಡಬ್ಬಿಗಳಿಗೇ ಜಾಗ ಸಾಲದೆಂದು ಅನಂತಮತಿ ಕಾಯಿ, ಅರಿವೆ ಇಟ್ಟುಕೊಂಡು ಅಕ್ಕಿಯನ್ನು ಕಟ್ಟೆಯ ಮೇಲೆ ಬಿಟ್ಟುಹೋದಳು. ಬೆಳಕಿರುವಾಗಲೇ ಗೊಡಚಿನಮಲ್ಕಿ ಮುಟ್ಟಬೇಕಿತ್ತು.

ಹೊತ್ತು ಮುಳುಗುವ ಮೊದಲೇ ಮನೆಯವರು ಊಟಕ್ಕೆ ಕೂತರು. ಮಧ್ಯಾಹ್ನದ ಹೋಳಿಗೆ ಉಳಿದಿದ್ದವು. ತಂಗಿ ತಂದಿದ್ದ ಅಂಗಿಯ ಬಟ್ಟೆಯನ್ನು ಧನ್ಯಕುಮಾರ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಎರಡು ತುತ್ತು ಉಂಡು, ಅವ್ವನಿಗೆ ಕೇಳಿಸದಂತೆ ಹೆಂಡತಿಯನ್ನು ಕೇಳಿದ.

"ಏನರ ಮಾತ ತಗದ್ಲೇನು?"

"ನನ್ನ ಕೂಡ ಏನೂ ಆಡ್ಲಿಲ್ರಿ."

"ಮಂದಿ ಇದ್ರಲ್ಲ, ಹೆಂಗ ತಗೀತಾಳ. ದೀಪಾವಳಿಗೆ ನಾನ ಪುಣೆಕ್ಕ ಹೋಗಿ ಕೇಳಿ ಬರ್ತೀನಿ. ಅಲ್ಲಿತನಾ ಕಾಯೂಣು."

"ಹೋಗಿ ಬರ್ರಿ" ಎಂದಳು ತ್ರಿಶಲಾ. ಹೇಳಿಬಿಡಬಹುದಿತ್ತು. ನಂಬುತ್ತಿರಲಿಲ್ಲ, ನಂಬಿದರೂ ಫೋನು ಮಾಡುತ್ತಿದ್ದ. ಅನಂತಮತಿ ಅತ್ತು, ನಾನು ಹಾಗೆ ಅಂದೇ ಇಲ್ಲ ಎನ್ನುತ್ತಿದ್ದಳು. ಮತ್ತೆ ಒಂದು ವರ್ಷ.

ತೃಪ್ತಿ ಎದುರಿಗೆ ಕೂತು ಸಾರಿನಲ್ಲಿ ಬೆರಳಾಡಿಸುತ್ತಿದ್ದಳು. ಮಧ್ಯಾಹ್ನ ತುಪ್ಪದ ಗಿಂಡಿ ಹಿಡಿದು ಹೊಸ್ತಿಲಿಗೆ ಬರುವ ಹೊತ್ತಿಗೆ ಅವಳಿಗೆ ಆ ಮಾತು ಎಷ್ಟು ಕೇಳಿಸಿತ್ತೋ. ನಿಪ್ಪಾಣಿಯ ಅಜ್ಜನ ಮನೆಯಲ್ಲಿ ಬೇಸಿಗೆ ಕಳೆದ ಹುಡುಗಿ, ಮರಾಠಿ ಅವಳಿಗೆ ಹೊಸದಲ್ಲ. ಆದರೂ ಅವಳ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಬಹಳ ಹೊತ್ತು ಎತ್ತಿಕೊಂಡಿದ್ದ ಯಾರದೋ ಕೂಸನ್ನು ತಿರುಗಿ ಕೊಟ್ಟುಬಂದವರ ದಣಿವು ಮಾತ್ರ ಇತ್ತು.

ತ್ರಿಶಲಾ ಮನಸ್ಸಿನಲ್ಲೇ ತನ್ನ ಲೆಕ್ಕ ಹಾಕಿದಳು. ಸೋಮವಾರ ತವರಿಗೆ ಹೋಗಿಬರುತ್ತೇನೆ, ತೃಪ್ತಿಯನ್ನೂ ಕರೆದೊಯ್ಯುತ್ತೇನೆ ಎಂದರೆ ಯಾರೂ ಬೇಡವೆನ್ನುವುದಿಲ್ಲ. ನಿಪ್ಪಾಣಿಯ ದಾರಿಯಲ್ಲಿ ಬಸ್ಸು ಹುಕ್ಕೇರಿಯಲ್ಲಿ ನಿಲ್ಲುತ್ತದೆ. ಅಷ್ಟರೊಳಗೆ ಮಗಳನ್ನು ಕೇಳಬೇಕು, ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು. ಆ ಮಾಸ್ತರ ಬೇಕು ಅಂದರೆ ಹುಕ್ಕೇರಿಯಲ್ಲಿ ಇಳಿದು ಬಾಗೇವಾಡಿಯ ಬಸ್ಸು ಹತ್ತಿ, ಅವನ ತಾಯಿಯ ಮುಂದೆ ಕೂತು ಮಾತು ಮುಗಿಸಿಯೇ ಬರುವುದು. ಬೇಡ, ಇನ್ನೂ ಓದುತ್ತೇನೆ ಅಂದರೆ ಇಳಿಯುವುದೇ ಇಲ್ಲ, ನಿಪ್ಪಾಣಿಯಲ್ಲಿ ತನ್ನ ಅಣ್ಣನ ಮನೆಯಲ್ಲಿ ಮಗಳನ್ನು ಬಿಟ್ಟು ಒಬ್ಬಳೇ ತಿರುಗಿ ಬರುವುದು. ಮನೆಯಲ್ಲಿ ಕೂಗಾಡುವವರು ಆಮೇಲೆ ಕೂಗಾಡಲಿ.

ಎಷ್ಟು ಚೆಂದ ಬಂದು ಹೋದಳು ನನ್ನ ಮಗಳು, ಊರು ಮರೆತಿಲ್ಲ ನೋಡು ಎಂದು ಕಮಲಾಬಾಯಿ ಹೇಳುತ್ತಿದ್ದಳು. ಹೌದೆಂದು ತ್ರಿಶಲಾ ಅತ್ತೆಯ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.